ವೈಂಡಿಂಗ್ ಅಂಗಡಿಯ ಹುಡುಗಿ ಓದಿದ ಗಾಳಿ

ಕಾರಟಗಿಯಲ್ಲಿ ನಮ್ಮಪ್ಪನದು ಮೋಟಾರ್ ವೈಂಡಿಂಗ್ ಅಂಗಡಿ. ತಗಡಿನ ಮಾಡು, ಒಂದು ಕಟ್ಟಿಗೆ ಬೆಂಚು, ಗೋಡೆಗೆ ತೂಗು ಹಾಕಿದ ತಾಮ್ರದ ತಂತಿಯ ಸುರುಳಿಗಳು, ಒಳಗೆ ಕಾಲಿಟ್ಟರೆ ಮೂಗಿಗೆ ಬಡಿಯುವ ವಾರ್ನಿಶ್ ವಾಸನೆ. ಬೋರ್ಡಿನ ಮೇಲೆ ಕನ್ನಡದಲ್ಲಿ ‘ಮೋಟಾರ್ ವೈಂಡಿಂಗ್ ವರ್ಕ್ಸ್’ ಅಂತ, ಅದರ ಕೆಳಗೆ ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಸಿದ್ದರು. ಆಗ ನಮ್ಮ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ಕ್ಲಾಸಿಗೆ. ನಾನು ಮೂರನೇ ಕ್ಲಾಸಿನಲ್ಲೇ ಆ ಬೋರ್ಡಿನ ಕೆಳಗೆ ನಿಂತು, ಮೇಲಿನ ಕನ್ನಡಕ್ಕೂ ಕೆಳಗಿನ ಇಂಗ್ಲಿಷಿಗೂ ಬೆರಳು ಜೋಡಿಸಿ, ಡಬ್ಲ್ಯೂ, ಐ, ಎನ್, ಡಿ ಈ ನಾಲ್ಕು ಸೇರಿದರೆ ‘ವೈಂಡ್’ ಅಂತ ತಿಳಿದುಕೊಂಡೆ. ನನ್ನ ಜೀವನದಲ್ಲಿ ನಾನಾಗಿಯೇ ಓದಿದ ಮೊದಲ ಇಂಗ್ಲಿಷ್ ಶಬ್ದ ಅದು.

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ, ಭತ್ತದ ಊರು. ಸಸಿ ನಾಟಿಯ ದಿನಗಳಲ್ಲಿ ಕರೆಂಟಿನ ವೋಲ್ಟೇಜು ಕುಸಿದರೆ, ಇಲ್ಲವೇ ಮೂರು ಫೇಸಿನಲ್ಲಿ ಒಂದು ಹೋಗಿಬಿಟ್ಟರೆ ಮೋಟಾರು ಸುಡುತ್ತದೆ. ಸುಟ್ಟ ಮೋಟಾರನ್ನು ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಹಾಕಿಕೊಂಡು ರೈತರು ರಾತ್ರಿ ಹತ್ತಕ್ಕೂ ಬರೋರು. “ಮಿಸ್ತ್ರಿ, ನಾಳಿ ಮುಂಜಾನಿಕ್ಕ ಬೇಕ್ ನೋಡ್ರಿ, ಮಡಿ ಒಣಗಾಕತ್ಯಾವ” ಅನ್ನೋರು. ಅಪ್ಪ ಮೋಟಾರಿನ ತಿರುಗದ ಭಾಗವಾದ ಸ್ಟೇಟರ್ ಬಿಚ್ಚಿ, ಕಪ್ಪಾದ ಹಳೇ ಕಾಯಿಲ್ ಕತ್ತರಿಸಿ, ತಂತಿ ಕೂರುವ ಒಂದೊಂದು ಸಂದಿನಲ್ಲೂ, ಅಂದರೆ ಸ್ಲಾಟಿನಲ್ಲೂ, ಎಷ್ಟು ಸುತ್ತು ತಂತಿ ಇತ್ತು ಅಂತ ಎಣಿಸಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದರು. ಹೊಸ ತಂತಿ ಸುತ್ತುವಾಗ ಎಣಿಕೆ ನನ್ನದು. ಅಪ್ಪ ಹಿಡಿಕೆ ತಿರುಗಿಸಬೇಕು, ನಾನು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಎಣಿಸಬೇಕು. ನಲವತ್ತೆರಡಕ್ಕೆ ನಿಲ್ಲಬೇಕು ಅಂದರೆ ನಲವತ್ತೆರಡಕ್ಕೇ ನಿಲ್ಲಬೇಕು. ಒಂದು ಸುತ್ತು ಹೆಚ್ಚುಕಮ್ಮಿಯಾದರೂ ಅಪ್ಪ ಬಿಚ್ಚಿ ಮೊದಲಿನಿಂದ ಸುತ್ತುತ್ತಿದ್ದರು.

ಇಷ್ಟೆಲ್ಲ ಹೇಳುತ್ತಿರುವುದಕ್ಕೆ ಕಾರಣವಿದೆ. ಆ ನಾಲ್ಕು ಅಕ್ಷರಗಳು ನನಗೆ ಪುಸ್ತಕದಿಂದ ಬಂದವಲ್ಲ. ತಾಮ್ರ, ವಾರ್ನಿಶ್, ಅಪ್ಪನ ಕೈ, ರಾತ್ರಿಯ ಬಲ್ಬು, ಇವುಗಳ ಜೊತೆಗೆ ಮೈಗೆ ಹತ್ತಿಕೊಂಡು ಬಂದವು.

ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಬಳ್ಳಾರಿಗೆ ಹೋದೆ. ಗಂಗಾವತಿ, ಕಂಪ್ಲಿ ದಾಟಿ ಹೋಗುವ ಬಸ್ಸು, ಹಾಸ್ಟೆಲಿನ ರೂಮು, ಕಿಟಕಿಯಿಂದ ಕಾಣುವ ಬಂಡೆಯ ಗುಡ್ಡ. ಕನ್ನಡ ಮಾಧ್ಯಮದಿಂದ ಬಂದವರು ಕ್ಲಾಸಿನಲ್ಲಿ ಹಿಂದಿನ ಬೆಂಚುಗಳಲ್ಲಿ ಕೂರುತ್ತಿದ್ದೆವು. ಜುಲೈ ತಿಂಗಳ ಒಂದು ಮಧ್ಯಾಹ್ನ ಇಂಗ್ಲಿಷ್ ಪಾಠದ ಒಂದು ಪ್ಯಾರಾ ಗಟ್ಟಿಯಾಗಿ ಓದಲು ನನ್ನನ್ನು ಎಬ್ಬಿಸಿದರು. ಸಮುದ್ರದ ಮೇಲೆ ಹಡಗು ಹೋಗುವ ಕತೆ. ಅದರಲ್ಲಿ ಆ ಶಬ್ದ ಬಂತು. ನನಗೆ ಬಹಳ ಸಂತೋಷವಾಯಿತು, ಯಾಕೆಂದರೆ ಇಡೀ ಪುಟದಲ್ಲಿ ಯಾರ ಹಂಗೂ ಇಲ್ಲದೆ ಗೊತ್ತಿದ್ದ ಶಬ್ದ ಅದೊಂದೇ. ದನಿ ಏರಿಸಿ ‘ವೈಂಡ್’ ಅಂತ ಓದಿದೆ. ಆದರೆ ಆ ಕತೆಯಲ್ಲಿ ಅದು ಗಾಳಿ, ಓದಬೇಕಾದದ್ದು ‘ವಿಂಡ್’; ‘ವೈಂಡ್’ ಅಂದರೆ ಸುತ್ತು. ಕ್ಲಾಸು ನಕ್ಕಿತು. ಉಪನ್ಯಾಸಕರು ನಗು ನಿಲ್ಲಿಸಲಿಲ್ಲ. “ನಿಮ್ಮಪ್ಪ ಏನು ಮಾಡ್ತಾರಮ್ಮಾ?” ಅಂತ ಕೇಳಿದರು. ಮೋಟಾರ್ ವೈಂಡಿಂಗ್ ಸರ್ ಅಂದೆ. “ಹಾಗಾದರೆ ಸರಿ, ಸಮುದ್ರಕ್ಕೂ ತಂತಿ ಸುತ್ತಿಬಿಡು” ಅಂದರು. ಮತ್ತೆ ನಗು. ಆ ವರ್ಷ ಮುಗಿಯುವ ತನಕ ನಾನು ಆ ಕ್ಲಾಸಿನಲ್ಲಿ ಗಟ್ಟಿಯಾಗಿ ಒಂದು ವಾಕ್ಯವನ್ನೂ ಓದಲಿಲ್ಲ. ನನ್ನ ಸರದಿ ಬರುವ ದಿನ ಗಂಟಲು ನೋವು ಅನ್ನುತ್ತಿದ್ದೆ.

ದೀಪಾವಳಿಗೆ ಊರಿಗೆ ಬಂದಾಗ ತಾತನ ಮುಂದೆ ಹೇಳಿಕೊಂಡೆ. ತಾತ ಕಲಿತದ್ದು ನಿಜಾಮರ ಆಳಿಕೆಯಲ್ಲಿ, ಉರ್ದು ಶಾಲೆಯಲ್ಲಿ. 1948ಕ್ಕಿಂತ ಮುಂಚೆ ನಮ್ಮ ಕಡೆ ಕಚೇರಿಯ ಭಾಷೆ ಅದೇ. ಮನೆಮಾತು ಕನ್ನಡ, ಓದುಬರಹ ಉರ್ದು. ಆ ಕಾಲದ ಹೊಲದ ಕಾಗದಗಳು ಎಷ್ಟೋ ಮನೆಗಳಲ್ಲಿ ಟ್ರಂಕಿನ ತಳದಲ್ಲಿದ್ದವು. ಅಣ್ಣತಮ್ಮಂದಿರ ಪಾಲಿನ ತಕರಾರು ಬಂದರೆ ಜನ ಅವನ್ನು ಹಿಡಿದುಕೊಂಡು ತಾತನ ಹತ್ತಿರ ಬರೋರು, “ಓದಿ ಹೇಳ್ರಿ ಯಜಮಾನ್ರ” ಅಂತ. ತಾತ ಕನ್ನಡಕ ಹಾಕಿಕೊಂಡು ಮೊದಲು ಇಡೀ ಕಾಗದವನ್ನು ಮನಸ್ಸಿನಲ್ಲೇ ಓದಿ ಮುಗಿಸುತ್ತಿದ್ದ. ಆಮೇಲಷ್ಟೇ ಬಾಯಿ ತೆರೆಯುತ್ತಿದ್ದ. ಅವನು ಯಾಕೆ ಹಾಗೆ ಮಾಡುತ್ತಿದ್ದನೆಂದು ನನಗೆ ಆ ದೀಪಾವಳಿಯವರೆಗೆ ಗೊತ್ತಿರಲಿಲ್ಲ.

ನನ್ನ ನೋಟ್‌ಬುಕ್ಕು ತೆಗೆದುಕೊಂಡು ತಾತ ಎರಡು ಅಕ್ಷರ ಬರೆದ. ಅಲಿಫ್, ಸೀನ್.

“ಇದನ್ನ ಏನಂತ ಓದಬೇಕು ಹೇಳು.”

ನನಗೆ ಉರ್ದು ಬಾರದು. ಅವನೇ ಹೇಳಿದ. “ಇದು ‘ಇಸ್’ನೂ ಹೌದು, ‘ಉಸ್’ನೂ ಹೌದು. ಇಸ್ ಅಂದ್ರ ಈ, ಉಸ್ ಅಂದ್ರ ಆ. ‘ಈ ಹೊಲ’ ಅಂತ ಓದಿದ್ರ ಒಬ್ಬನ ಪಾಲು, ‘ಆ ಹೊಲ’ ಅಂತ ಓದಿದ್ರ ಇನ್ನೊಬ್ಬನ ಪಾಲು. ಮ್ಯಾಲ ಪೇಶ್, ಕೆಳಗ ಜೇರ್ ಅಂತ ಗುರ್ತು ಅದಾವ, ಆದ್ರ ಬರಿಯೋರು ಹಾಕೋದಿಲ್ಲ. ಅದಕ್ಕ ಹಿಂದ ಮುಂದ ನೋಡಿ, ತಿಳಕೊಂಡು, ಆಮ್ಯಾಲ ಓದಬೇಕವ್ವಾ.”

ಇನ್ನೊಂದು ಬರೆದ. ಮೀಮ್, ಯೇ, ಕೊನೆಗೆ ಮೂಗಿನ ದನಿಯ ನೂನ್. ಅದನ್ನು ‘ಮೇಂ’ ಅಂದರೆ ಒಳಗೆ, ‘ಮೈಂ’ ಅಂದರೆ ನಾನು. ಬರೆಯುವಾಗ ಎರಡೂ ಒಂದೇ.

ಆ ನೋಟ್‌ಬುಕ್ಕಿನ ಹಾಳೆ ಇವತ್ತಿಗೂ ನನ್ನ ಹತ್ತಿರ ಇದೆ. ತಾತ ಅಂದು ನನಗೆ ಕೊಟ್ಟದ್ದು ಸಮಾಧಾನದ ಮಾತಾಗಿದ್ದರೆ ಮರೆತುಹೋಗುತ್ತಿತ್ತು. ಅವನು ಕೊಟ್ಟದ್ದು ಓದುವ ಒಂದು ಬೇರೆ ಕ್ರಮ. ಕನ್ನಡದಲ್ಲಿ ನಾವು ಮೊದಲು ಓದುತ್ತೇವೆ, ಆಮೇಲೆ ತಿಳಿದುಕೊಳ್ಳುತ್ತೇವೆ. ಎರಡನೇ ಕ್ಲಾಸಿನ ಹುಡುಗಿಯ ಕೈಗೆ ಪೇಪರ್ ಕೊಡಿ, ಬಜೆಟ್ಟಿನ ಸುದ್ದಿಯನ್ನೂ ತಪ್ಪಿಲ್ಲದೆ ಅಜ್ಜಿಗೆ ಓದಿ ಹೇಳುತ್ತಾಳೆ. ಒಂದು ಅಕ್ಷರದ ಅರ್ಥವೂ ಅವಳಿಗೆ ಗೊತ್ತಿರಬೇಕಾಗಿಲ್ಲ. ಇಂಗ್ಲಿಷಿನ ಕೆಲವು ಶಬ್ದಗಳಲ್ಲಿ ಈ ದಾರಿ ಮುಚ್ಚಿದೆ. ಅಲ್ಲಿ ಮೊದಲು ತಿಳಿಯಬೇಕು, ಆಮೇಲೆ ಓದಬೇಕು. ಇದನ್ನು ಬಳ್ಳಾರಿಯ ಆ ಕ್ಲಾಸಿನಲ್ಲಿ ಯಾರೂ ನನಗೆ ಹೇಳಲಿಲ್ಲ. ನಾನೀಗ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಹದಿನೇಳು ವರ್ಷದಿಂದ ಇದೊಂದನ್ನು ಮಕ್ಕಳಿಗೆ ಹೇಳುತ್ತಾ ಬಂದಿದ್ದೇನೆ.

ಇಂಗ್ಲಿಷಿಗೆ ಹೀಗೇಕಾಯಿತು ಎಂದು ಮಕ್ಕಳು ಕೇಳುತ್ತಾರೆ. ಕೇಳಲೇಬೇಕು. ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಬಾಯಿಯಲ್ಲಿ ಜಾಗ ಬದಲಿಸಿದವು. ಮನೆಗೆ ಅವರು ‘ಹೂಸ್’ ಅನ್ನುತ್ತಿದ್ದರು, ಅದು ‘ಹೌಸ್’ ಆಯಿತು. ಇದೇ ಹೊತ್ತಿಗೆ, 1476ರಲ್ಲಿ, ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ನಿನ ಪಕ್ಕದ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚಿನ ಮನೆ ಹಾಕಿದ. ಅಚ್ಚಾದ ಕಾಗುಣಿತ ಬರಬರುತ್ತಾ ಗಟ್ಟಿಯಾಯಿತು, 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟು ಬರುವ ಹೊತ್ತಿಗೆ ಬಹುಮಟ್ಟಿಗೆ ಕಲ್ಲಿನ ಮೇಲೆ ಕೆತ್ತಿದಂತೆ ನಿಂತಿತು. ಬಾಯಿ ಮಾತ್ರ ನಡೆಯುತ್ತಲೇ ಇತ್ತು.

ನನ್ನ ಶಬ್ದದ ಕತೆಯನ್ನು ಬಹಳ ವರ್ಷದ ಮೇಲೆ ಹುಡುಕಿ ಓದಿದೆ. ಹಳೆಯ ಇಂಗ್ಲಿಷಿನಲ್ಲಿ ಗಾಳಿಯೂ ಸುತ್ತುವುದೂ ಬೇರೆ ಬೇರೆ ಶಬ್ದಗಳೇ, ಆದರೆ ಎರಡರೊಳಗಿನ ಸ್ವರ ಒಂದೇ ಇತ್ತು. ‘ಎನ್‌ಡಿ’ ಮುಂದೆ ಬಂದಲ್ಲಿ ಆ ಸ್ವರ ಉದ್ದವಾಯಿತು, ಉದ್ದವಾದದ್ದು ‘ಐ’ ಕಡೆಗೆ ಹೊರಳಿತು. ಫೈಂಡ್, ಬೈಂಡ್, ಮೈಂಡ್ ಎಲ್ಲ ಹೀಗೇ ಆದವು, ಸುತ್ತುವ ವೈಂಡ್ ಕೂಡ. ಗಾಳಿಯೂ ಅವುಗಳ ಜೊತೆಯಲ್ಲೇ ಹೋಗಿತ್ತು. ಹಳೆಯ ಇಂಗ್ಲಿಷ್ ಕವಿಗಳು ಗಾಳಿಯ ಶಬ್ದವನ್ನು ಮೈಂಡ್, ಫೈಂಡ್ ಜೊತೆಗೆ ಪ್ರಾಸ ಕಟ್ಟಿದ್ದಾರೆ. ಹದಿನೆಂಟನೇ ಶತಮಾನದವರೆಗೂ ಗಾಳಿಗೆ ‘ವೈಂಡ್’ ಅನ್ನುವವರು ಇಂಗ್ಲೆಂಡಿನಲ್ಲಿ ಇದ್ದರು. ಆಮೇಲೆ ಗಿಡ್ಡ ಸ್ವರದ ‘ವಿಂಡ್’ ಗೆದ್ದಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಿಂದಿನ ಬೆಂಚಿನ ಆ ಹುಡುಗಿ ಓದಿದ್ದು ಒಂದು ಕಾಲದಲ್ಲಿ ಆ ದೇಶದ ಕವಿಗಳೇ ಉಚ್ಚರಿಸಿದ ರೀತಿಯಲ್ಲಿತ್ತು. ಅವಳ ಭುಜದ ಮೇಲೆ ಕೈಯಿಟ್ಟು ಹೇಳಬೇಕು ಅನ್ನಿಸಿತು.

ಇನ್ನೊಂದು ಶಬ್ದವೂ ಅಪ್ಪನ ಅಂಗಡಿಯದೇ. ಎಲ್, ಇ, ಎ, ಡಿ. ವೈಂಡಿಂಗ್ ಮುಗಿದ ಮೇಲೆ ಮೋಟಾರಿನಿಂದ ಹೊರಗೆ ಬರುವ ತಂತಿಯ ತುದಿಗಳಿಗೆ ನಾವು ‘ಲೀಡ್’ ಅನ್ನುತ್ತೇವೆ. ಸ್ಟಾರ್-ಡೆಲ್ಟಾ ಅನ್ನುವ ಬಗೆಯ ಮೋಟಾರಿಗೆ ಆರು ಲೀಡು. ಒಳಗಿನ ತಾಮ್ರದ ತಂತಿಗೂ ಹೊರಗಿನ ಲೀಡಿಗೂ ಬೆಸುಗೆ ಹಾಕಬೇಕು. ಆ ಬೆಸುಗೆಯ ಸೋಲ್ಡರ್ ತಂತಿಯಲ್ಲಿ ನೂರಕ್ಕೆ 60 ಪಾಲು ತವರ, 40 ಪಾಲು ಸೀಸ. ಸೀಸಕ್ಕೂ ಇಂಗ್ಲಿಷಿನಲ್ಲಿ ಅವೇ ನಾಲ್ಕು ಅಕ್ಷರ, ಆದರೆ ಓದುವುದು ‘ಲೆಡ್’. ಪಕ್ಕದ ಬ್ಯಾಟರಿ ಅಂಗಡಿಯವರು ದಿನವಿಡೀ ಲೆಡ್, ಲೆಡ್ ಪ್ಲೇಟು ಅನ್ನುತ್ತಿದ್ದರು. ಒಂದು ಗೋಡೆಯ ಆಚೆ ಲೆಡ್, ಈಚೆ ಲೀಡ್. ಅಪ್ಪ ಏಳನೇ ಕ್ಲಾಸಿನವರೆಗೆ ಓದಿದವರು. ಅವರೂ ಬ್ಯಾಟರಿಯವರೂ ಯಾವತ್ತೂ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ತಡವರಿಸಲಿಲ್ಲ. ಕಿವಿಯಲ್ಲಿ ಅವು ಎರಡು ಶಬ್ದ. ಕಾಗದದ ಮೇಲೆ ಬಂದಾಗ ಮಾತ್ರ ಒಂದರ ಮುಖವಾಡ ಇನ್ನೊಂದಕ್ಕೆ ಬೀಳುತ್ತದೆ.

ಇದನ್ನು ಕ್ಲಾಸಿನಲ್ಲಿ ಕಂಡುಕೊಂಡಾಗ ನನ್ನ ಕೆಲಸ ಅರ್ಧ ಹಗುರಾಯಿತು. ಮಕ್ಕಳ ಕಿವಿಯಲ್ಲಿ ಎಷ್ಟೋ ಶಬ್ದ ಆಗಲೇ ಇವೆ. ಪೆನ್ಸಿಲಿನ ಲೆಡ್ ಮುರೀತು ಅನ್ನುವುದನ್ನು ಯಾವ ಹುಡುಗನಿಗೂ ಕಲಿಸಬೇಕಾಗಿಲ್ಲ. (ಅದರಲ್ಲಿ ಸೀಸ ಇಲ್ಲವೇ ಇಲ್ಲ, ಇರುವುದು ಗ್ರಾಫೈಟ್. ಇಂಗ್ಲೆಂಡಿನಲ್ಲಿ ಮೊದಲು ಸಿಕ್ಕಾಗ ಅದನ್ನು ಸೀಸದ ಒಂದು ಬಗೆ ಅಂದುಕೊಂಡದ್ದರಿಂದ ಹೆಸರು ಉಳಿಯಿತು.) ಲೈವ್ ಮ್ಯಾಚ್ ಗೊತ್ತು. ಕಂಬದ ಲೈವ್ ವೈರ್ ಮುಟ್ಟಬಾರದೆಂದೂ ಗೊತ್ತು. ಅವೇ ಅಕ್ಷರ ‘ಬದುಕು’ ಅನ್ನುವ ಅರ್ಥದಲ್ಲಿ ಬಂದರೆ ‘ಲಿವ್’ ಅಂತ ಹೇಳಿದರೆ ಸಾಕು, ಹಳೇ ಗುರುತಿನ ಪಕ್ಕದಲ್ಲಿ ಹೊಸದು ಕೂರುತ್ತದೆ. ‘ಒಂದ್ ಮಿನಿಟ್’ ಅನ್ನದವರು ನಮ್ಮೂರಲ್ಲಿ ಯಾರಿದ್ದಾರೆ? ಅದೇ ಕಾಗುಣಿತವನ್ನು ‘ಮೈನ್ಯೂಟ್’ ಅಂತ ಓದಿದರೆ ಬಹಳ ಸಣ್ಣದು ಅಂತ ಅರ್ಥ. ಇವೆರಡೂ ಒಂದೇ ಬೇರಿನವು. ಗಂಟೆಯನ್ನು ಕತ್ತರಿಸಿದ ಮೊದಲನೇ ಸಣ್ಣ ಭಾಗಕ್ಕೆ ಲ್ಯಾಟಿನ್ನಿನಲ್ಲಿ ‘ಪಾರ್ಸ್ ಮಿನುಟಾ ಪ್ರೀಮಾ’ ಅಂದರು, ಅದನ್ನು ಮತ್ತೆ ಕತ್ತರಿಸಿದ ಎರಡನೇ ಸಣ್ಣ ಭಾಗಕ್ಕೆ ‘ಸೆಕುಂಡಾ’. ಮಿನಿಟೂ ಸೆಕೆಂಡೂ ಅಲ್ಲಿಂದ ಬಂದವು. ಇದನ್ನು ಹೇಳಿದ ದಿನ ಒಂಬತ್ತನೇ ಕ್ಲಾಸು ಗೋಡೆ ಗಡಿಯಾರವನ್ನೇ ನೋಡುತ್ತಾ ಕೂತಿತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದ ಶಬ್ದ ಮಾತ್ರ ಆರ್, ಇ, ಎ, ಡಿ. ಓದು ಅನ್ನುವ ಶಬ್ದವೇ ಓದಲು ಕಷ್ಟ ಅನ್ನುವುದು ಎಂಥ ಸಂಗತಿ! ‘ನಾನು ಪೇಪರ್ ಓದುತ್ತೇನೆ’ ಅಂದರೂ ‘ಓದಿದೆ’ ಅಂದರೂ ಇಂಗ್ಲಿಷಿನಲ್ಲಿ ಬರೆಯುವುದು ಒಂದೇ. ಮೊದಲನೆಯದು ರೀಡ್, ಎರಡನೆಯದು ರೆಡ್. ಬೋರ್ಡಿನ ಮೇಲೆ ಬರೀ ಆ ಮೂರು ನಾಲ್ಕು ಶಬ್ದ ಬರೆದು ಓದಿ ಅಂದರೆ ಲಂಡನ್ನಿನಲ್ಲಿ ಹುಟ್ಟಿದವನೂ ಗಟ್ಟಿಯಾಗಿ ಓದುವ ಮುಂಚೆ ನಿಲ್ಲಬೇಕು. ಪಕ್ಕದಲ್ಲಿ ‘ಯೆಸ್ಟರ್‌ಡೇ’ ಅಂತ ಬರೆದರೆ ಮಾತ್ರ ಅವನ ಬಾಯಿ ತೆರೆಯುತ್ತದೆ. ನಾನು ಪ್ರತಿ ಜೂನಿನಲ್ಲೂ ಎಂಟನೇ ಕ್ಲಾಸಿಗೆ ಇದನ್ನು ಮಾಡಿ ತೋರಿಸುತ್ತೇನೆ. ಮೊದಲು ಶಬ್ದ ಬರೆದು ನಿಲ್ಲುತ್ತೇನೆ. ಅರ್ಧ ಕ್ಲಾಸು ರೀಡ್ ಅನ್ನುತ್ತದೆ, ಎರಡು ಮೂರು ಮಕ್ಕಳು ರೆಡ್ ಅನ್ನುತ್ತವೆ. ಎರಡೂ ಸರಿ ಅಂದಾಗ ಆ ಮುಖಗಳನ್ನು ನೋಡಬೇಕು. ಇಂಗ್ಲಿಷಿನಲ್ಲಿ ತಮ್ಮ ಉತ್ತರ ಸರಿಯಿರಬಹುದು ಅನ್ನುವುದೇ ಅವರಿಗೆ ಹೊಸ ಸುದ್ದಿ.

ಕೆಲವು ಜೋಡಿಗಳನ್ನು ನಾನು ಬೇಗ ದಾಟುತ್ತೇನೆ. ಬೋ ಅಂದರೆ ಬಿಲ್ಲು, ಬೌ ಅಂದರೆ ಬಾಗು. ಸೋ ಅಂದರೆ ಬಿತ್ತು, ಸೌ ಅಂದರೆ ಹೆಣ್ಣುಹಂದಿ. ಇವು ಪಾಠದಲ್ಲಿ ಬಂದಾಗ ಹೇಳಿದರಾಯಿತು. ರೆಕಾರ್ಡ್, ಪರ್ಮಿಟ್, ಆಬ್ಜೆಕ್ಟ್, ಪ್ರೆಸೆಂಟ್ ತರದವು ಇನ್ನೊಂದು ಗುಂಪು. ಹೆಸರಾಗಿ ಬಂದರೆ ಒತ್ತು, ಅಂದರೆ ದನಿಯ ಬಲ, ಶಬ್ದದ ಮೊದಲಿಗೆ, ಕೆಲಸವನ್ನು ಹೇಳುವಾಗ ಒತ್ತು ಕೊನೆಗೆ. ಸಂಡೂರಿನ ಅದಿರು ಲಾರಿಗಳಿಂದಾಗಿ ನಮ್ಮ ಕಡೆ ಪರ್ಮಿಟ್ ಅನ್ನುವ ಶಬ್ದ ಎಲ್ಲರಿಗೂ ಗೊತ್ತು. ಆದರೆ ಒತ್ತು ಬದಲಿಸಿದರೆ ಅರ್ಥ ಬದಲಾಗುವ ಪದ್ಧತಿ ಕನ್ನಡದಲ್ಲಿ ಇಲ್ಲವಾದ್ದರಿಂದ ನಮ್ಮ ಕಿವಿ ಅದನ್ನು ಹಿಡಿಯುವುದೇ ಇಲ್ಲ. ಇದರ ಮೇಲೆ ಮಕ್ಕಳನ್ನು ಗೋಳು ಹೊಯ್ದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಒತ್ತು ತಪ್ಪಿದರೂ ಕೇಳುವವನಿಗೆ ಅರ್ಥ ಆಗುತ್ತದೆ. ಸೀಸವನ್ನು ಲೀಡ್ ಅಂದರೆ ಆಗುವುದಿಲ್ಲ. ಯಾವುದಕ್ಕೆ ನಿಲ್ಲಬೇಕು, ಯಾವುದನ್ನು ಬಿಟ್ಟು ಮುಂದೆ ಹೋಗಬೇಕು ಅನ್ನುವುದನ್ನು ಕಲಿಸುವವರು ಮೊದಲು ತೂಗಿಕೊಳ್ಳಬೇಕು.

ಎರಡು ವರ್ಷದ ಹಿಂದೆ ಹತ್ತನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಎದ್ದು ನಿಂತ. “ಮೇಡಂ, ಕನ್ನಡದಾಗ ಹಿಂಗ ಇಲ್ಲಲ್ರಿ. ಕನ್ನಡ ಚಲೋ ಐತ್ರಿ” ಅಂದ. ಅವನ ಅಭಿಮಾನ ನನಗೂ ಇದೆ. ಕೊಪ್ಪಳದವರು ನಾವು. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಇರುವ ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣ ಒಂದು, ಅಂದರೆ ನಮ್ಮ ಜಿಲ್ಲಾ ಕೇಂದ್ರವೇ. ಆದರೂ ನಾನು ಅವನಿಗೆ ಬೋರ್ಡಿನ ಮೇಲೆ ‘ಕರೆ’ ಅಂತ ಬರೆದು ತೋರಿಸಿದೆ. ತಮ್ಮನ್ನ ಕರೆ, ಆಕಳ ಹಾಲು ಕರೆ. ಇಂದು ಎರಡೂ ಒಂದೇ ಅಕ್ಷರ, ಒಂದೇ ಉಚ್ಚಾರ. ಆ ಹಳೆಯ ಕಾಲದಲ್ಲಿ ಹಾಗಿರಲಿಲ್ಲ. ಕೂಗುವ ಕರೆಗೆ ಈಗಿನ ರ, ಹಾಲು ಕರೆಯುವುದಕ್ಕೆ ‘ಱ’ ಅನ್ನುವ ಬೇರೆಯ ಅಕ್ಷರ, ‘ಕಱೆ’. ಕೊಪಣದಲ್ಲಿ ಅಂದು ಆಕಳು ಕಟ್ಟಿದ ಹೆಣ್ಣುಮಗಳು ಇವೆರಡನ್ನೂ ಬೇರೆ ಬೇರೆ ದನಿಯಲ್ಲೇ ಅನ್ನುತ್ತಿದ್ದಿರಬೇಕು. ಬರಬರುತ್ತಾ ಬಾಯಿಯಲ್ಲಿ ಎರಡೂ ಒಂದಾದವು. ನಾವು ಪ್ರಾಮಾಣಿಕವಾಗಿ ಆ ಅಕ್ಷರವನ್ನೂ ವರ್ಣಮಾಲೆಯಿಂದ ತೆಗೆದುಬಿಟ್ಟೆವು. ತಮಿಳರು ತಮ್ಮದನ್ನು ಇಟ್ಟುಕೊಂಡಿದ್ದಾರೆ. ಇಂಗ್ಲಿಷಿನವರದು ಉಲ್ಟಾ. ಬಾಯಿಯಲ್ಲಿ ಬೇರೆಯಾದರೂ ಬರಹದಲ್ಲಿ ಒಟ್ಟಿಗೇ ಕೂರಿಸಿದರು.

ಹುಡುಗ ಒಪ್ಪಲಿಲ್ಲ. “ಅದು ಹಳೇದಾತಲ್ರಿ ಮೇಡಂ, ಈಗಿಂದು ಹೇಳ್ರಿ.” ನನಗೆ ಆ ಕ್ಷಣಕ್ಕೆ ಏನೂ ಹೊಳೆಯಲಿಲ್ಲ. ಉತ್ತರ ಕೊಟ್ಟದ್ದು ಮೂರನೇ ಬೆಂಚಿನ ಹುಡುಗಿ. ಮಾರ್ಚ್ ಪರೀಕ್ಷೆ ಹತ್ತಿರವಿತ್ತು, ಅವಳ ನೋಟ್‌ಬುಕ್ಕಿನಲ್ಲಿ ‘ಹಾಲ್ ಟಿಕೆಟ್’ ಅಂತ ಬರೆದುಕೊಂಡಿದ್ದಳು.

“ಮೇಡಂ, ಇದನ್ನ ನೋಡ್ರಿ. ‘ಹಾಲ್ ಟಿಕೆಟ್’ ಅನ್ನೋವಾಗ ಬಾಯಿ ದುಂಡಗ ಆಗ್ತೈತ್ರಿ. ‘ಹಾಲ್ ತಗೊಂಡ್ ಬಾ’ ಅನ್ನೋವಾಗ ಅಗಲ ಆಗ್ತೈತ್ರಿ. ಬರಿಯೋದು ಎರಡೂ ಒಂದ ಐತ್ರಿ.”

ಕ್ಲಾಸು ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ಐವತ್ತು ಬಾಯಿಗಳು ಒಟ್ಟಿಗೆ ಹಾಲ್, ಹಾಲ್ ಅನ್ನತೊಡಗಿದವು, ಒಬ್ಬರ ತುಟಿಯನ್ನು ಇನ್ನೊಬ್ಬರು ನೋಡುತ್ತಾ. ಇನ್ನೊಬ್ಬ ಕೂಗಿದ, “ಕಾಲ್‌ನೂ ಹಂಗ ಐತ್ರಿ ಮೇಡಂ! ಫೋನಿನ ಕಾಲ್ ಬ್ಯಾರೆ, ಕಾಲ್ ನೋವು ಬ್ಯಾರೆ!” ಹದಿನೈದು ವರ್ಷ ಕಲಿಸಿದ ನನಗೆ ಇದು ಹೊಳೆದಿರಲಿಲ್ಲ. ಆ ಇಂಗ್ಲಿಷ್ ಸ್ವರಕ್ಕೆ ನಮ್ಮಲ್ಲಿ ಅಕ್ಷರವಿಲ್ಲ, ಹಾಗಾಗಿ ‘ಆ’ಕಾರದ ಕೆಳಗೆ ಅದನ್ನೂ ಸೇರಿಸಿ ಬರೆಯುತ್ತೇವೆ. ಓದುವಾಗ ಮಾತ್ರ ಮುಂದಿನ ಶಬ್ದವನ್ನು ಕಣ್ಣು ಆಗಲೇ ನೋಡಿಬಿಟ್ಟಿರುತ್ತದೆ, ತುಟಿ ತಾನಾಗಿ ದುಂಡಗಾಗುತ್ತದೆ. ತಾತ ಕಾಗದವನ್ನು ಮನಸ್ಸಿನಲ್ಲೇ ಓದಿ ಮುಗಿಸುತ್ತಿದ್ದ ಕೆಲಸವನ್ನು ನಮ್ಮ ಮಕ್ಕಳು ಕನ್ನಡದಲ್ಲಿ ಗೊತ್ತಿಲ್ಲದೆಯೇ ಮಾಡುತ್ತಿದ್ದಾರೆ. ಅದನ್ನೇ ಇಂಗ್ಲಿಷಿನಲ್ಲೂ ಮಾಡಿ ಅಂತ ಹೇಳಿದರೆ ಅರ್ಥವಾಗುತ್ತದೆ. ಆ ಹುಡುಗಿಗೆ ಅಂದು ನನ್ನ ಪೆನ್ನು ಕೊಟ್ಟೆ.

ಅಂದಿನಿಂದ ನನ್ನ ಕ್ಲಾಸಿನಲ್ಲಿ ಗಟ್ಟಿ ಓದಿನ ಪದ್ಧತಿ ಬದಲಾಗಿದೆ. ಹೊಸ ಪ್ಯಾರಾವನ್ನು ಯಾರೂ ಎದ್ದ ಕೂಡಲೇ ಓದಬಾರದು. ಮೊದಲು ಎಲ್ಲರೂ ಕಣ್ಣಲ್ಲೇ ಓದಬೇಕು. ಯಾವುದರ ಬಗ್ಗೆ ಇದೆ ಅಂತ ಒಬ್ಬರು ಕನ್ನಡದಲ್ಲಿ ಹೇಳಬೇಕು. ಅಳುವ ಕತೆಯೋ, ಬಟ್ಟೆ ಹರಿದ ಕತೆಯೋ ಗೊತ್ತಾದ ಮೇಲೆ ಟಿಯರ್ ಯಾವುದು, ಟೇರ್ ಯಾವುದು ಅಂತ ಜಗಳವೇ ಬರುವುದಿಲ್ಲ. ಆಮೇಲೆ ಎದ್ದು ಓದಬೇಕು. ತಪ್ಪಿದರೆ ‘ತಪ್ಪು’ ಅನ್ನುವುದಿಲ್ಲ ನಾನು. “ಅದು ಯಾವ ಅಂಗಡಿ ಶಬ್ದ?” ಅಂತ ಕೇಳುತ್ತೇನೆ. ಅಂದರೆ ನೀನು ಓದಿದ ಉಚ್ಚಾರಕ್ಕೆ ಬೇರೆಲ್ಲೋ ಜಾಗ ಇದೆ, ಹುಡುಕು ಅಂತ. ಹೀಗೆ ಮಾಡಿದರೆ ಸಿಲಬಸ್ಸು ಹಿಂದೆ ಬೀಳುತ್ತದೆ ಅಂತ ಜೊತೆಯವರು ಹೇಳುತ್ತಾರೆ. ಬೀಳುತ್ತದೆ, ನಿಜ. ಶನಿವಾರ ಒಂದು ತಾಸು ಹೆಚ್ಚು ಕೂತು ಸರಿ ಮಾಡಿಕೊಳ್ಳುತ್ತೇನೆ. ಗಂಟಲು ನೋವು ಅಂತ ಸುಳ್ಳು ಹೇಳುವ ಮಗು ನನ್ನ ಕ್ಲಾಸಿನಲ್ಲಿ ಇರಬಾರದು.

ಹೋದ ತಿಂಗಳು ಒಂದು ಫೋನ್ ಬಂತು. ನನ್ನ ಹಳೇ ವಿದ್ಯಾರ್ಥಿ, ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದವನು. ಕುಕನೂರು, ಯಲಬುರ್ಗಾ ಕಡೆಯ ಎರಿಹೊಲಗಳಲ್ಲಿ ಸಾಲಾಗಿ ನಿಂತ ಗಾಳಿ ಫ್ಯಾನುಗಳನ್ನು ನೀವು ನೋಡಿರಬಹುದು. ಅವುಗಳ ರಿಪೇರಿ ತಂಡದಲ್ಲಿ ಕೆಲಸಕ್ಕೆ ಸೇರಿದ್ದಾನೆ. ಅಂದು ಮೊದಲ ಸಲ ಕಂಬದ ಒಳಗಿನ ಏಣಿ ಹತ್ತಿ ಮೇಲಿನ ಪೆಟ್ಟಿಗೆಯವರೆಗೆ ಹೋಗಿ ಇಳಿದಿದ್ದ. ಉಸಿರು ಇನ್ನೂ ನೆಟ್ಟಗಾಗಿರಲಿಲ್ಲ.

“ಮೇಡಂ, ನಿಮಗ ಹೇಳಬೇಕನ್ನಿಸ್ತು ನೋಡ್ರಿ. ಇದು ವಿಂಡ್ ಮಿಲ್ ಅಲ್ರೀ, ಮ್ಯಾಲ ಹೋಗಿ ನೋಡಿದ್ರ ಜನರೇಟರ್ ಐತ್ರಿ, ಅದರ ಒಳಗ ವೈಂಡಿಂಗ್ ಐತ್ರಿ. ಹೊರಗ ವಿಂಡ್, ಒಳಗ ವೈಂಡ್!”

ನಾನು ನಿಂತಲ್ಲೇ ಕಟ್ಟೆಯ ಮೇಲೆ ಕೂತೆ.

“ಇನ್ನೊಂದ್ ಐತ್ರಿ ಮೇಡಂ. ಅದರ ಪುಸ್ತಕದಾಗ ರೋಟರ್, ಅಂದ್ರ ತಿರುಗೋ ಭಾಗ, ಅದರ ಹೆಸರಿನ ಹಿಂದ ಡಬ್ಲ್ಯೂ, ಓ, ಯು, ಎನ್, ಡಿ ಅಂತ ಬರದಿತ್ರಿ. ನಾ ಮೊದಲ ‘ವೂಂಡ್’ ಅಂತ ಓದಿದ್ಯಾರಿ. ಗಾಯ ಯಾಕ ಬಂತು ಇಲ್ಲಿ ಅಂದ್ಕೊಂಡೆ. ಆಮ್ಯಾಲ ನೀವು ಅಂತಿದ್ರಲ್ರಿ, ಅದು ಯಾವ ಅಂಗಡಿ ಶಬ್ದ ಅಂತ. ತಂತಿ ಸುತ್ತಿದ ರೋಟರ್ ಅಂತ ತಿಳೀತ್ರಿ. ‘ವೌಂಡ್’!”

ಅಂದು ಸಂಜೆ ಅಪ್ಪನಿಗೆ ಹೇಳಿದೆ. ಅಂಗಡಿ ಮುಚ್ಚಿ ಐದು ವರ್ಷವಾಯಿತು, ಕಣ್ಣು ಮಂಜಾಗಿವೆ, ಬೋರ್ಡು ಹಿತ್ತಲಿನ ಗೋಡೆಗೆ ಒರಗಿ ನಿಂತಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡರು. ಗಾಳಿ ಬೀಸಿದರೆ ವೈಂಡಿಂಗ್ ತಿರುಗಿ ಕರೆಂಟು ಬರುತ್ತದೆ ಅನ್ನುವುದು ಅವರಿಗೆ ಹೊಸದೇನಲ್ಲ. ಅಂಗೈಯನ್ನು ಮೊಣಕಾಲ ಮೇಲೆ ಉಜ್ಜುತ್ತಾ ಸ್ವಲ್ಪ ಹೊತ್ತು ಕೂತರು. ಆಮೇಲೆ ಕೇಳಿದರು,

“ಎಷ್ಟು ಗೇಜಿನ ತಂತಿ ಹಾಕ್ಯಾರಂತ ಕೇಳಿದೇನು? ಒಂದು ಸ್ಲಾಟಿಗೆ ಎಷ್ಟು ಸುತ್ತು?”

ಕೇಳಿರಲಿಲ್ಲ. ಫೋನ್ ತೆಗೆದು ಹುಡುಗನಿಗೆ ಹಚ್ಚಿದೆ, ಸ್ಪೀಕರ್ ಹಾಕಿ ಅಪ್ಪನ ಕೈಗೆ ಕೊಟ್ಟೆ.